ಹರಿದ್ರೆಯ ಅಣೆ, ಹರಿಹರದ ಕರಾರು ಮತ್ತು ಇವತ್ತಿನ ಪರ್ಮಿಟ್ಟು

ಹೋದ ಬೇಸಿಗೆಯಲ್ಲಿ ನ್ಯಾಮತಿ ಕಡೆಯ ಒಂದು ಸಣ್ಣ ಕೆರೆಗೆ ಹೋಗಿದ್ದೆ. ಏರಿ ಮೇಲೆ ಅಕ್ಷರದ ಕಲ್ಲು ಇದೆ ಅಂತ ಸ್ನೇಹಿತರೊಬ್ಬರು ಫೋಟೊ ಕಳಿಸಿದ್ದರು. ಹೋಗಿ ನೋಡಿದರೆ ಜೆಸಿಬಿ ಹೂಳು ತೆಗೀತಾ ಇತ್ತು. ಕಲ್ಲು ತೂಬಿನ ಪಕ್ಕ ಮಗುಚಿ ಬಿದ್ದಿತ್ತು. ಕೆಲಸದ ಉಸ್ತುವಾರಿಯವರು ‘ಪರ್ಮಿಶನ್ ಇದೆ ಸಾರ್’ ಅಂತ ಕಾಗದ ತೋರಿಸಿದರು. ಇತ್ತು, ನಿಜ. ಎಷ್ಟು ಘನ ಮೀಟರ್ ಮಣ್ಣು, ಎಷ್ಟು ದಿನ, ಎಲ್ಲಾ ಬರೆದಿತ್ತು. ತೂಬಿನ ಬಗ್ಗೆ, ಕಲ್ಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ವೃತ್ತಿಯಿಂದ ನಾನು ಇಂಜಿನಿಯರ್. ಇಂಥ ಕಾಗದಗಳನ್ನು ದಿನಾ ನೋಡ್ತೀನಿ. ಆದರೆ ಆವತ್ತು ಮನೆಗೆ ಬಂದವನು ಹರಿಹರದ ಶಾಸನಗಳನ್ನು ಮತ್ತೆ ತೆಗೆದು ಓದಿದೆ.

ಮೊದಲು ಒಂದು ಸೂಚನೆ, ಹೊಸದಾಗಿ ಹುಡುಕುವವರಿಗೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಈ ಜಿಲ್ಲೆ ಒಂದೇ ಕಡೆ ಸಿಗೋದಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದ 7ನೇ ಸಂಪುಟದಲ್ಲಿವೆ. ಜಗಳೂರು, ದಾವಣಗೆರೆ ಚಿತ್ರದುರ್ಗದ 11ನೇ ಸಂಪುಟದಲ್ಲಿ. ನ್ಯಾಮತಿ ತಾಲ್ಲೂಕಾದದ್ದು ಈಚೆಗೆ, ಅದನ್ನು ಹೊನ್ನಾಳಿಯೊಳಗೇ ಹುಡುಕಬೇಕು. ಹರಿಹರವೂ ಆಗ ದಾವಣಗೆರೆ ತಾಲ್ಲೂಕಿನ ಲೆಕ್ಕದಲ್ಲಿತ್ತು. ನೀರಿಗೆ ಮಾತ್ರ ಸಂಪುಟದ ಗಡಿ ಇಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಟ ಹರಿದ್ರೆ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತೆ.

ಈ ಹರಿದ್ರೆಗೆ ಅಡ್ಡಲಾಗಿ ಅಣೆ ಕಟ್ಟಿದ ವಿಷಯ 1410ರ ಶಾಸನದಲ್ಲಿದೆ. ಆಗ ವಿಜಯನಗರದಲ್ಲಿ ಒಂದನೇ ದೇವರಾಯ. ಅಣೆ ಕಟ್ಟಿ ಕಾಲುವೆ ತೋಡುವ ಖರ್ಚು ಬ್ರಾಹ್ಮಣರದು. ಕಾಲುವೆ ಹಾಯಬೇಕಾದದ್ದು ಹರಿಹರ ದೇವರ ಭೂಮಿಯಲ್ಲಿ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಬಂಡವಾಳ ಒಬ್ಬರದು, ಜಾಗ ಇನ್ನೊಬ್ಬರದು. ಕರಾರು ಏನಾಯ್ತು? ಕಾಲುವೆಯಿಂದ ನೀರುಣ್ಣುವ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಕಟ್ಟಿಸಿದವರಿಗೆ. ಇದನ್ನು ದಾನಶಾಸನ ಅಂತ ಓದಿದರೆ ಅರ್ಧ ಅರ್ಥ ಕಳೆದುಹೋಗುತ್ತೆ. ಇದು ಅನುಮತಿ ಪತ್ರವೂ ಹೌದು. ನದಿಯಲ್ಲಿ ಕಾಮಗಾರಿ ಮಾಡೋರಿಗೆ ಯಾರ ಒಪ್ಪಿಗೆ ಬೇಕು, ಬದಲಿಗೆ ಏನು ಕೊಡಬೇಕು ಅನ್ನೋದು ಕಲ್ಲಿನಲ್ಲಿ ಇದೆ, ಎಲ್ಲರ ಕಣ್ಣೆದುರಿಗೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1424ರ ಇನ್ನೊಂದು ಶಾಸನದ ಪ್ರಕಾರ ಆ ಅಣೆ ಒಡೆದುಹೋಗಿತ್ತು. ಬುಳ್ಳರಸ ಮುಂದೆ ನಿಂತು, ದಂಡನಾಯಕ ಚಾಮ ನೃಪಾಲನಿಂದ ಹಣ ಕೊಡಿಸಿ ಮತ್ತೆ ಕಟ್ಟಿಸಿದ. ಹದಿನಾಲ್ಕು ವರ್ಷ ಅಷ್ಟೆ! ಒಳ್ಳೆ ಕರಾರು ಇದ್ದರೂ ಪ್ರವಾಹ ಕೇಳೋದಿಲ್ಲ. ದುರಸ್ತಿಗೆ ಹಣ ಬೇಕು, ಜವಾಬ್ದಾರಿ ಹೊರುವವರು ಬೇಕು. ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆರೆಯ ನಿರ್ವಹಣೆಗೆಂದೇ ಬಿಟ್ಟ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಭೂಮಿಗಳು ಶಾಸನಗಳಲ್ಲಿ ಹೆಜ್ಜೆ ಹೆಜ್ಜೆಗೂ ಸಿಗೋದು ಅದಕ್ಕೇ.

ಈಗಿನ ಕಾನೂನು ಇನ್ನೊಂದು ದಿಕ್ಕಿನಿಂದ ಬರುತ್ತೆ. 1965ರ ಕರ್ನಾಟಕ ನೀರಾವರಿ ಕಾಯ್ದೆ ಕಾಲುವೆಗೆ ಹಾನಿ ಮಾಡೋದನ್ನು ಅಪರಾಧ ಅನ್ನುತ್ತೆ. ಕೆರೆಗಳ ಸಂರಕ್ಷಣೆಗೆ 2014ರಲ್ಲಿ ತಂದ ಕಾಯ್ದೆ ಒತ್ತುವರಿ, ಒಳಹರಿವು-ಹೊರಹರಿವಿಗೆ ಅಡ್ಡಿ, ಕಸ ಸುರಿಯೋದು, ಏರಿ-ಕೋಡಿ ಒಡೆಯೋದು ಎಲ್ಲವನ್ನೂ ನಿಷೇಧಿಸಿತು. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಬೇಡ ಅಂದಿತು. ಇವೆಲ್ಲಾ ಬೇಕಾದವೇ. ಆದರೆ ಹೆಚ್ಚಿನವು ‘ಏನು ಮಾಡಬಾರದು’ ಅನ್ನುವ ಪಟ್ಟಿ. ‘ಯಾರಿಗೆ ಎಷ್ಟು ಪಾಲು, ನೋಡಿಕೊಳ್ಳೋರು ಯಾರು’ ಅನ್ನೋದನ್ನು ಆ ಊರಿನವರ ಎದುರು ಬರೆದು ನಿಲ್ಲಿಸುವ ಪದ್ಧತಿ ಹೋಯ್ತು.

ಹಾಗಂತ ಹಳೆಯದೆಲ್ಲಾ ಚಿನ್ನ ಅಂತ ನಾನು ಹೇಳ್ತಾ ಇಲ್ಲ. ಆ ಮೂರು ಪಾಲಿನಲ್ಲಿ ಕಾಲುವೆ ತೋಡಿದ ಕೈಗಳಿಗೆ, ಗದ್ದೆ ಉತ್ತವರಿಗೆ ಪಾಲಿಲ್ಲ. ಅದೇ ಹರಿದ್ರೆಯ ಮೇಲ್ದಂಡೆಯಲ್ಲಿ, ಸೂಳೆಕೆರೆ ಬಗ್ಗೆ ಜನ ಹೇಳುವ ಒಂದು ಕಥೆ ನೆನಪಾಗುತ್ತೆ. ಶಾಂತವ್ವೆ ಕೆರೆ ಕಟ್ಟಿಸಲು ಹೊರಟಾಗ ಆ ಜಾಗದಲ್ಲಿದ್ದ ವೇಶ್ಯೆಯರು, ಕೆರೆಗೆ ತಮ್ಮ ಹೆಸರು ಇಟ್ಟರೆ ಮಾತ್ರ ಬಿಟ್ಟುಕೊಡ್ತೀವಿ ಅಂದರಂತೆ. ಶಾಸನದ ಆಧಾರ ಇಲ್ಲದ ಕಥೆ ಇದು. ಆದರೂ ಮುಳುಗಡೆಯಾಗುವವರು ಷರತ್ತು ಹಾಕಿದ್ದನ್ನು ಜನ ಮರೆತಿಲ್ಲ. ಶಾಂತಿಸಾಗರ ಅಂತ ಹೆಸರು ಬದಲಾದರೂ ಬಾಯಲ್ಲಿ ಇವತ್ತಿಗೂ ಸೂಳೆಕೆರೆಯೇ.

ಇದೀಗ ಜಗಳೂರಿನಂಥ ಬರದ ಸೀಮೆಗೆ ತುಂಗಭದ್ರೆಯ ನೀರು ಪೈಪಿನಲ್ಲಿ ಬರ್ತಾ ಇದೆ, 57 ಕೆರೆ ತುಂಬಿಸುವ ಯೋಜನೆಯಲ್ಲಿ. ನೀರು ಬಂದ ಮೇಲೆ ಪಾಲಿನ ಪ್ರಶ್ನೆ, ದುರಸ್ತಿಯ ಪ್ರಶ್ನೆ ಬಂದೇ ಬರುತ್ತೆ. ಒತ್ತುವರಿ ತೆರವು, ಹೂಳೆತ್ತುವುದು, ಏರಿ ಅಗಲ ಮಾಡುವುದು, ಎಲ್ಲವೂ ನಡೆಯುತ್ತೆ. ಆಗ ಏರಿ ಮೇಲಿನ ಹಳೆ ಕಲ್ಲುಗಳ ಗತಿ ಏನು? ನೂರು ವರ್ಷ ದಾಟಿದ ಶಾಸನ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಅದು ಗೊತ್ತಿರೋದು ನಮ್ಮಂಥ ನಾಲ್ಕು ಜನಕ್ಕೆ, ಜೆಸಿಬಿ ಓಡಿಸೋರಿಗಲ್ಲ.

ನ್ಯಾಮತಿ ಕಡೆಯ ಆ ಕಲ್ಲಿನ ವಿಷಯ. ಊರಿನ ಹಿರಿಯರೊಬ್ಬರು ನಾಲ್ಕು ಹುಡುಗರನ್ನು ಕರೆದು ಅದನ್ನು ಎತ್ತಿಸಿ ಅರಳಿಕಟ್ಟೆಗೆ ಒರಗಿಸಿದರು. ಮೇಲೆ ಸೂರ್ಯ-ಚಂದ್ರ ಸ್ಪಷ್ಟ, ಕೆಳಗಿನ ಅಕ್ಷರ ತುಂಬಾ ಸವೆದಿದೆ. ‘ಏನು ಬರೆದಿದೆ?’ ಅಂತ ಕೇಳಿದರು. ಪೂರ್ತಿ ಓದಕ್ಕಾಗಲ್ಲ ಅಂದೆ. ‘ನಮ್ಮ ಕೆರೆ ಬಗ್ಗೆನೇ ಇರಬೇಕು ಬಿಡಿ’ ಅಂದರು. ಅನುಮತಿ ಕೊಟ್ಟ ಕಚೇರಿಗೆ ನಾನೊಂದು ಪತ್ರ ಬರೆದೆ: ಮುಂದಿನ ಪರ್ಮಿಟ್ಟುಗಳಲ್ಲಿ ‘ಶಾಸನ, ವೀರಗಲ್ಲು, ತೂಬಿನ ಕಂಬ ಕಂಡರೆ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಬೇಕು’ ಅನ್ನೋ ಒಂದು ಸಾಲು ಸೇರಿಸಿ ಅಂತ. ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಊರಿನ ಕೆರೆಯಲ್ಲಿ ಕೆಲಸ ಶುರುವಾಗುವ ಮೊದಲು ಒಂದು ಸಲ ಏರಿ ಮೇಲೆ ನಡೆದು ಬನ್ನಿ. ಕಲ್ಲು ಕಂಡರೆ ಫೋಟೊ ತೆಗೆದು, ಜಾಗ ಗುರುತು ಮಾಡಿಕೊಳ್ಳಿ. ಓದುವ ಕೆಲಸ ಆಮೇಲಾದರೂ ಮಾಡಬಹುದು.