ಹಗೇವಿನಿಂದ ವಾಯಿದೆ ಪೇಟೆಯವರೆಗೆ

ಸಂಪತ್ತೆಲ್ಲವನ್ನೂ ಒಂದೇ ರೂಪದಲ್ಲಿ ಇರಿಸಬಾರದೆಂಬ ವಿವೇಕ ಬೆಂಗಳೂರು ಗ್ರಾಮಾಂತರ ಪ್ರದೇಶಕ್ಕೆ ಷೇರುಪೇಟೆಯಿಂದ ಬಂದುದಲ್ಲ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲಗಳ ಒಣಭೂಮಿಗೆ ರಾಗಿಯೇ ಆಧಾರ. ಹುಳು ಸುಲಭವಾಗಿ ಹಿಡಿಯದ ಈ ಧಾನ್ಯವನ್ನು ಹಿಂದಿನವರು ನೆಲದೊಳಗೆ ತೋಡಿದ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಪಾಡುತ್ತಿದ್ದರು. ಉಳ್ಳವರ ಆಸ್ತಿ ಹೊಲ, ದನ, ಚಿನ್ನ, ರಾಗಿ ಎಂದು ಹಂಚಿಕೊಂಡಿರುತ್ತಿತ್ತು. ಮಳೆ ತಪ್ಪಿದ ವರ್ಷ ಹೊಲ ಬರಿದಾಗಿ ದನದ ಬೆಲೆ ಕುಸಿದರೂ ರಾಗಿಯ ಬೆಲೆ ಏರುತ್ತಿತ್ತು. ಒಂದು ಇಳಿದಾಗ ಮತ್ತೊಂದು ಏರಬೇಕು. ಷೇರುಗಳೊಡನೆ ಸರಕುಗಳನ್ನೂ ಹೊಂದಿರಬೇಕೆಂಬ ಇಂದಿನ ವಾದದ ತಿರುಳೂ ಇದೇ.

ಆದರೆ ಆ ಏರಿದ ಬೆಲೆಯನ್ನು ತೆರುವವರು ಯಾರು? 1876–78ರ ಮಹಾಕ್ಷಾಮ ಈ ಪ್ರಶ್ನೆಯನ್ನು ಕಠೋರವಾಗಿ ಎತ್ತಿತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 41.8 ಲಕ್ಷಕ್ಕೆ ಇಳಿಯಿತು. ಹಗೇವು ಒಂದೇ ಆದರೂ ಅದನ್ನು ಹಸಿದವರಿಗಾಗಿ ತೆರೆಯುವುದು ಬೇರೆ, ಇನ್ನೂ ಬೆಲೆ ಏರಲೆಂದು ಮುಚ್ಚಿಡುವುದು ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಅತಿಲೋಭವನ್ನೂ ಎಣಿಸಿರುವುದು ಇಲ್ಲಿ ಸ್ಮರಣೀಯ.

ಸ್ವತಂತ್ರ ಭಾರತವೂ ಸರಕಿನ ವ್ಯಾಪಾರವನ್ನು ಸಂಶಯದಿಂದಲೇ ಕಂಡಿತು. 1952ರಲ್ಲಿ ವಾಯಿದೆ ಒಪ್ಪಂದಗಳ ಕಾನೂನು ಬಂತು. 1960ರ ದಶಕದಲ್ಲಿ ಬಹುಪಾಲು ಸರಕುಗಳ ವಾಯಿದೆ ನಿಂತಿತು. 1963ರಲ್ಲಿ ಆರಂಭವಾದ ಚಿನ್ನದ ನಿಯಂತ್ರಣ 1990ರಲ್ಲಿ ರದ್ದಾಯಿತು. 2003ರಲ್ಲಿ ಎಂಸಿಎಕ್ಸ್ ಮತ್ತು ಎನ್‌ಸಿಡಿಇಎಕ್ಸ್ ವ್ಯವಹಾರ ಆರಂಭಿಸಿದವು. 2015ರಲ್ಲಿ ಇವುಗಳ ಮೇಲ್ವಿಚಾರಣೆ ಸೆಬಿಗೆ ಸೇರಿತು.

ಇಂತಹ ಪೇಟೆಯ ಮೂಲ ಉದ್ದೇಶ ಹೂಡಿಕೆಯಲ್ಲ, ರಕ್ಷಣೆ. ರೇಷ್ಮೆಗೂಡಿನ ಬೆಲೆ ಇಳಿದರೆ ವಿಜಯಪುರದ ಬೆಳೆಗಾರನಿಗೆ ನಷ್ಟ. ಕಚ್ಚಾ ರೇಷ್ಮೆಯ ಬೆಲೆ ಏರಿದರೆ ದೊಡ್ಡಬಳ್ಳಾಪುರದ ನೇಕಾರನಿಗೆ ನಷ್ಟ. ಬೆಲೆಯನ್ನು ಮುಂಚಿತವಾಗಿ ನಿಗದಿಗೊಳಿಸಿದರೆ ಇಬ್ಬರಿಗೂ ನೆಮ್ಮದಿ. ಹೂಡಿಕೆದಾರ ಅಲ್ಲಿಗೆ ಬಂದದ್ದು ತಡವಾಗಿ. 1959ರಿಂದಾಚೆಯ ಬೆಲೆಗಳನ್ನು ಪರಿಶೀಲಿಸಿದ ಗೋರ್ಟನ್ ಮತ್ತು ರೌವೆನ್‌ಹಾರ್ಸ್ಟ್ ಎಂಬ ಅರ್ಥಶಾಸ್ತ್ರಜ್ಞರು, ಸರಕಿನ ವಾಯಿದೆಗಳು ಷೇರುಗಳಷ್ಟೇ ಪ್ರತಿಫಲ ನೀಡಿಯೂ ಅವುಗಳ ವಿರುದ್ಧ ದಿಕ್ಕಿನಲ್ಲಿ ಚಲಿಸುವ ಒಲವು ತೋರಿದ್ದವೆಂದು 2004ರಲ್ಲಿ ಪ್ರತಿಪಾದಿಸಿದರು. ಹಣ ಆ ಕಡೆ ಹರಿಯಿತು. 2008ರಲ್ಲಾದರೋ ಷೇರುಗಳೊಂದಿಗೆ ಕಚ್ಚಾ ತೈಲವೂ ಕುಸಿದು, ಜುಲೈನಲ್ಲಿ 147 ಡಾಲರ್ ದಾಟಿದ್ದ ಬ್ಯಾರೆಲ್ಲಿನ ಬೆಲೆ ಡಿಸೆಂಬರಿನಲ್ಲಿ 40 ಡಾಲರಿಗೂ ಕೆಳಗಿಳಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲ ವಾಯಿದೆ ಶೂನ್ಯಕ್ಕಿಂತ 37.63 ಡಾಲರ್ ಕೆಳಗೆ ಮುಗಿಯಿತು. ಕೊಂಡವರ ಬಳಿ ತೈಲವನ್ನು ತುಂಬಿಡಲು ಹಗೇವೇ ಇರಲಿಲ್ಲ!

ಚಿನ್ನದ ಕಥೆ ಕೊಂಚ ಭಿನ್ನ. ಅದನ್ನು ಕೂಡಿಟ್ಟರೆ ಯಾರ ತಟ್ಟೆಯೂ ಬರಿದಾಗದು. ಆದರೆ ಕಪಾಟಿನ ಚಿನ್ನ ಬಡ್ಡಿ ತಾರದು, ಲಾಭಾಂಶವನ್ನೂ ತಾರದು. ಬೆಲೆ ಏರಿದರಷ್ಟೇ ಲಾಭ. 2015ರಿಂದ 2024ರ ಫೆಬ್ರವರಿಯವರೆಗೆ ಸರ್ಕಾರ ಹೊರಡಿಸಿದ ಚಿನ್ನದ ಬಾಂಡುಗಳು ಬಡ್ಡಿಯನ್ನೂ ಕೊಟ್ಟವು. 2017ರಿಂದ ಟ್ರಸ್ಟುಗಳು ವರ್ಷಕ್ಕೆ 20 ಕಿಲೋವರೆಗೆ ಕೊಳ್ಳಬಹುದಿತ್ತು. ಧಾನ್ಯದ ವಿಷಯದಲ್ಲಿ ಸರ್ಕಾರ ಎಚ್ಚರ ಬಿಡಲಿಲ್ಲ: 2007ರಲ್ಲಿ ತೊಗರಿ, ಉದ್ದು, ಗೋಧಿ, ಅಕ್ಕಿಗಳ ವಾಯಿದೆಯನ್ನು ನಿಲ್ಲಿಸಲಾಯಿತು, 2021ರ ಡಿಸೆಂಬರಿನಲ್ಲಿ ಗೋಧಿ, ಕಡಲೆ, ಸಾಸಿವೆ ಮುಂತಾದ ಏಳು ಸರಕುಗಳದ್ದನ್ನು ಅಮಾನತಿನಲ್ಲಿಡಲಾಯಿತು.

ಈ ಇತಿಹಾಸ ಗೃಹಸ್ಥನಿಗೆ ಸರಕನ್ನು ನಿಷೇಧಿಸುವುದಿಲ್ಲ, ಅಳತೆಯನ್ನು ಕಲಿಸುತ್ತದೆ. ಷೇರುಗಳ ಪಕ್ಕದಲ್ಲಿ ಮಿತವಾದ ಚಿನ್ನ ಆಪತ್ತಿಗೆ ಆಸರೆಯಾಗಬಲ್ಲದು. ಬಸದಿಯ ನಿಧಿಯ ಮಾತು ಬೇರೆ. ಧರ್ಮಾರ್ಥ ನಿಧಿಗಳು ಎಲ್ಲಿ ಹಣ ತೊಡಗಿಸಬಹುದೆಂಬುದನ್ನು ಆದಾಯ ತೆರಿಗೆಯ ಕಾನೂನೇ ನಿರ್ದಿಷ್ಟಪಡಿಸಿದೆ. ಪೂಜೆಗೂ ಆಹಾರದಾನಕ್ಕೂ ಮೀಸಲಾದ ಹಣವನ್ನು ಬೆಲೆಯ ಏರಿಳಿತಕ್ಕೆ ಒಡ್ಡುವ ಅಧಿಕಾರ ಧರ್ಮದರ್ಶಿಗಳಿಗಿಲ್ಲ. ಅನ್ನದ ಸರಕಿನಲ್ಲಂತೂ ಲಾಭವನ್ನು ಎಣಿಸುವ ಮುನ್ನ, ಆ ಲಾಭ ಯಾರ ಹಸಿವಿನಿಂದ ಬಂತೆಂದು ಶ್ರಾವಕನು ಕೇಳಿಕೊಳ್ಳಬೇಕು.