ಮೂಗಿಗಿಂತ ಭಾರವಾದ ಮೂಗುತಿ: ಪ್ರಿಂಟರ್ ಮಸಿಯ ಕಥೆ

ಮನೆಗೊಂದು ಪ್ರಿಂಟರ್ ಬೇಕೆಂದು ಅಂಗಡಿಗೆ ಹೋದವರಿಗೆ ಯಂತ್ರದ ಬೆಲೆ ಕೇಳಿ ಮೊದಲು ಹಿತವೆನಿಸುತ್ತದೆ. ಮಕ್ಕಳ ಶಾಲೆಯ ಪ್ರಾಜೆಕ್ಟು, ಆಧಾರ್ ಪ್ರತಿ, ಮದುವೆ ಮನೆಯ ಪಟ್ಟಿ ಎಂದು ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮಸಿ ಮುಗಿಯುತ್ತದೆ. ಹೊಸ ಕಾರ್ಟ್ರಿಜ್ ಕೊಳ್ಳಲು ಅದೇ ಅಂಗಡಿಗೆ ಹೋದಾಗಲೇ ನಿಜವಾದ ಲೆಕ್ಕ ತಿಳಿಯುವುದು. ಅಗ್ಗದ ಮಾದರಿಗಳಲ್ಲಿ ಕಪ್ಪು ಮತ್ತು ಬಣ್ಣದ ಕಾರ್ಟ್ರಿಜ್‌ಗಳನ್ನು ಕೆಲವು ಸಲ ಬದಲಾಯಿಸುವಷ್ಟರಲ್ಲಿ ಪ್ರಿಂಟರಿನ ಬೆಲೆಯನ್ನು ಇನ್ನೊಮ್ಮೆ ತೆತ್ತಂತಾಗಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಈ ಯಂತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇದರಲ್ಲಿ ಅಂಗಡಿಯವನ ತಪ್ಪೇನೂ ಇಲ್ಲ. ಯಂತ್ರವನ್ನು ಅಗ್ಗವಾಗಿ ಕೊಟ್ಟು ಮಸಿಯಲ್ಲಿ ಲಾಭ ಎತ್ತುವುದು ತಯಾರಕರ ಲೆಕ್ಕ. ಆ ಮಸಿಯನ್ನು ಹೇಗಾದರೂ ಉಳಿಸುವುದು ಬಳಕೆದಾರರ ಲೆಕ್ಕ. ಇವೆರಡರ ನಡುವೆ ದಶಕಗಳಿಂದ ನಡೆದು ಬಂದ ಹಗ್ಗಜಗ್ಗಾಟ ನ್ಯಾಯಾಲಯಗಳನ್ನೂ ಹತ್ತಿದೆ. ದುಡ್ಡು ಕೊಟ್ಟು ಕೊಂಡ ವಸ್ತು ನಿಜಕ್ಕೂ ಕೊಂಡವನದೇ ಎಂಬ ಪ್ರಶ್ನೆ ಅಲ್ಲಿ ಎದ್ದಿತು.

ಕಾಗದದ ಮೇಲೆ ಮಸಿಯನ್ನು ಚಿಮ್ಮಿಸಿ ಬರೆಯುವ ಆಲೋಚನೆ ಹಳೆಯದು. ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್, ಸಮುದ್ರದಾಳದ ತಂತಿಗಳ ಮೂಲಕ ಬರುವ ಸಂದೇಶವನ್ನು ದಾಖಲಿಸಲು 1867ರಲ್ಲೇ ಸಣ್ಣ ಗಾಜಿನ ಕೊಳವೆಯಿಂದ ಮಸಿ ಹರಿಸುವ ಉಪಕರಣಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಮನೆಯ ಮೇಜಿನ ಮೇಲೆ ಕೂರುವ ಇಂಕ್‌ಜೆಟ್ ಹುಟ್ಟಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಜಪಾನಿನ ಕ್ಯಾನನ್ ಕಂಪನಿ ಹೇಳಿಕೊಂಡು ಬಂದಿರುವ ಕಥೆಯಂತೆ, 1977ರಲ್ಲಿ ಅದರ ಸಂಶೋಧಕ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಬಿಸಿ ಬೆಸುಗೆ ಕಡ್ಡಿಯೊಂದು ಮಸಿ ತುಂಬಿದ್ದ ಸಿರಿಂಜಿನ ಸೂಜಿಗೆ ತಗುಲಿತು. ಸೂಜಿಯ ತುದಿಯಿಂದ ಮಸಿ ಪಿಚಕ್ಕನೆ ಹಾರಿತು. ಕಾವಿಗೆ ಮಸಿಯಲ್ಲಿ ಗುಳ್ಳೆ ಎದ್ದು, ಆ ಗುಳ್ಳೆ ಮುಂದಿನ ಹನಿಯನ್ನು ಹೊರಕ್ಕೆ ದೂಡಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಜಾನ್ ವಾಟ್ ಮತ್ತು ಸಂಗಡಿಗರು ಬೇರೆ ದಾರಿಯಿಂದ ಇದೇ ತತ್ವಕ್ಕೆ ಬಂದಿದ್ದರು. ಇಂದಿಗೂ ಹೆಚ್ಚಿನ ಮನೆ ಪ್ರಿಂಟರುಗಳಲ್ಲಿ ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳಲ್ಲಿ ಹೀಗೆ ಗುಳ್ಳೆ ಎದ್ದು ಒಡೆಯುತ್ತದೆ. ಎಪ್ಸನ್ ಮಾತ್ರ ಕಾವಿನ ಬದಲು ವಿದ್ಯುತ್ತಿಗೆ ಬಾಗುವ ಹರಳನ್ನು ನೆಚ್ಚಿಕೊಂಡಿತು.

ಹ್ಯೂಲೆಟ್ ಪ್ಯಾಕರ್ಡ್ 1984ರಲ್ಲಿ 'ಥಿಂಕ್‌ಜೆಟ್' ಎಂಬ ಪ್ರಿಂಟರನ್ನು 495 ಡಾಲರಿಗೆ ಮಾರುಕಟ್ಟೆಗೆ ತಂದಿತು. ಹನ್ನೆರಡು ರಂಧ್ರಗಳ ಪುಟ್ಟ ಯಂತ್ರ ಅದು. ಅದುವರೆಗಿನ ಇಂಕ್‌ಜೆಟ್‌ಗಳ ದೊಡ್ಡ ಪೀಡೆಯೆಂದರೆ ಮಸಿ ಒಣಗಿ ರಂಧ್ರ ಕಟ್ಟಿಕೊಳ್ಳುವುದು. ರಂಧ್ರವಿರುವ ಮುದ್ರಣ ತಲೆಯನ್ನೂ ಮಸಿಯ ಚೀಲವನ್ನೂ ಒಂದೇ ಡಬ್ಬಿಯಲ್ಲಿಟ್ಟು, ಮಸಿ ಮುಗಿದಾಗ ಎಲ್ಲವನ್ನೂ ಎಸೆದುಬಿಟ್ಟರೆ ಆ ಪೀಡೆ ತಪ್ಪುತ್ತಿತ್ತು. ಬಿಸಾಡುವ ಕಾರ್ಟ್ರಿಜ್ ಹುಟ್ಟಿದ್ದು ಹೀಗೆ. ಅದರ ಹಿಂದೆ ಆಗ ಇದ್ದದ್ದು ಪ್ರಾಮಾಣಿಕವಾದ ಒಂದು ತಾಂತ್ರಿಕ ಕಾರಣ ಎಂಬುದನ್ನು ಒಪ್ಪಬೇಕು. ಸುಮಾರು ಸಾವಿರ ಡಾಲರಿನ 'ಡೆಸ್ಕ್‌ಜೆಟ್' 1988ರಲ್ಲಿ ಬಂತು. ಆಮೇಲಿನ ಪೈಪೋಟಿಯಲ್ಲಿ ಯಂತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಮಸಿಯ ಬೆಲೆ ಮಾತ್ರ ಅದರ ಜೊತೆಯಲ್ಲಿ ಇಳಿಯಲಿಲ್ಲ.

ಈ ವ್ಯಾಪಾರಕ್ಕೆ 'ರೇಜರ್ ಮತ್ತು ಬ್ಲೇಡ್' ಪದ್ಧತಿ ಎಂದು ಹೆಸರಿಟ್ಟು, ಅದರ ಕೀರ್ತಿಯನ್ನು ಜಿಲೆಟ್‌ಗೆ ಕಟ್ಟುವುದು ವಾಡಿಕೆ. ಇತಿಹಾಸ ನೋಡಿದರೆ ಅದು ಅಷ್ಟು ಸರಿಯಲ್ಲ. ಪೇಟೆಂಟ್ ಕೈಯಲ್ಲಿದ್ದಷ್ಟು ಕಾಲ ಜಿಲೆಟ್ ತನ್ನ ರೇಜರನ್ನು ಐದು ಡಾಲರಿಗೆ ಮಾರುತ್ತಿತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಪೇಟೆಂಟ್ ಅವಧಿ 1921ರಲ್ಲಿ ಮುಗಿದು ಪ್ರತಿಸ್ಪರ್ಧಿಗಳು ಬಂದ ಮೇಲೆಯೇ ಅದು ಅಗ್ಗದ ರೇಜರಿನ ಹಾದಿ ಹಿಡಿದದ್ದು. ಪ್ರಿಂಟರ್ ಕಂಪನಿಗಳು ಈ ವಿದ್ಯೆಯಲ್ಲಿ ಗುರುವನ್ನೂ ಮೀರಿಸಿದವು.

ಬೆಲೆ ಏರಿಸದೆ ದುಬಾರಿ ಮಾಡುವ ದಾರಿಯೂ ಒಂದಿತ್ತು. ಹ್ಯೂಲೆಟ್ ಪ್ಯಾಕರ್ಡ್‌ನ '45' ಸಂಖ್ಯೆಯ ಹಳೆಯ ಕಪ್ಪು ಕಾರ್ಟ್ರಿಜ್‌ನಲ್ಲಿ 42 ಮಿಲಿಲೀಟರ್ ಮಸಿ ಇರುತ್ತಿತ್ತು. ಮುಂದೆ ಮನೆ ಬಳಕೆಗೆಂದು ಬಂದ '21' ಸಂಖ್ಯೆಯದರಲ್ಲಿ ಇದ್ದದ್ದು 5 ಮಿಲಿಲೀಟರ್. ಕೆಮ್ಮಿನ ಔಷಧಿಯ ಒಂದು ಚಮಚ! ಹನಿಗಳು ಸೂಕ್ಷ್ಮವಾಗಿ, ಕಡಿಮೆ ಮಸಿಗೆ ಹೆಚ್ಚು ಪುಟ ಬರುವಂತಾಗಿತ್ತು ಎಂಬುದು ನಿಜ. ಹಾಗಿದ್ದರೂ ಮೊದಲನೆಯದು ಸುಮಾರು 930 ಪುಟ ಕೊಟ್ಟರೆ ಎರಡನೆಯದು 190ಕ್ಕೆ ಮುಗಿಯುತ್ತಿತ್ತು. ಡಬ್ಬಿಯ ಹೊರಗಾತ್ರ ನೋಡಿ ಇದನ್ನು ಊಹಿಸುವುದು ಸಾಧ್ಯವಿರಲಿಲ್ಲ.

ಬಳಕೆದಾರರೇನೂ ಕೈಕಟ್ಟಿ ಕೂರಲಿಲ್ಲ. ಅದರಲ್ಲೂ ನಮ್ಮ ದೇಶದಲ್ಲಿ, ಅಂಗಡಿಯಲ್ಲಿ ಪೆನ್ನಿಗೆ ಶಾಯಿ ತುಂಬಿಸಿಕೊಂಡು ಪರೀಕ್ಷೆಗೆ ಹೋದ ತಲೆಮಾರಿಗೆ, ಡಾಟ್ ಮೇಟ್ರಿಕ್ಸ್ ಪ್ರಿಂಟರಿನ ಡಬ್ಬಿ ಉಳಿಸಿಕೊಂಡು ಒಳಗಿನ ರಿಬ್ಬನ್ ಮಾತ್ರ ಬದಲಿಸುತ್ತಿದ್ದ ಕಚೇರಿಗಳಿಗೆ, ಒಂದು ಚಮಚ ಮಸಿ ಮುಗಿಯಿತೆಂದು ಗಟ್ಟಿಮುಟ್ಟಾದ ಡಬ್ಬಿಯನ್ನು ಎಸೆಯುವುದು ಒಗ್ಗುವ ಮಾತಾಗಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳಲ್ಲಿ ರೀಫಿಲ್ ಮಾಡಿಕೊಡುವವರು ಹುಟ್ಟಿಕೊಂಡರು. ಕೆಲಸ ಸರಳ: ಕಾರ್ಟ್ರಿಜ್ ಮೇಲಿನ ಚೀಟಿ ಕಿತ್ತು, ಕೆಳಗಿನ ರಂಧ್ರದಲ್ಲಿ ಸಿರಿಂಜಿನ ಸೂಜಿ ಇಳಿಸಿ, ಒಳಗಿನ ಸ್ಪಂಜಿಗೆ ನಿಧಾನವಾಗಿ ಮಸಿ ಕುಡಿಸುವುದು. ಯಾವ ಸಿರಿಂಜಿನಿಂದ ಈ ತಂತ್ರಜ್ಞಾನದ ಕಥೆ ಆರಂಭವಾಯಿತೋ ಅದೇ ಸಿರಿಂಜು ಕಂಪನಿಗಳ ಲಾಭಕ್ಕೆ ಚುಚ್ಚತೊಡಗಿತು.

ರೀಫಿಲ್‌ಗೆ ತನ್ನದೇ ಮಿತಿಗಳಿದ್ದವು. ಕೈಮೇಲೆ ಚೆಲ್ಲಿದ ಕಪ್ಪು ಎರಡು ದಿನ ಹೋಗುತ್ತಿರಲಿಲ್ಲ. ಖಾಲಿಯಾದ ಡಬ್ಬಿಯನ್ನು ವಾರಗಟ್ಟಲೆ ಬಿಟ್ಟು ತುಂಬಿಸಿದರೆ ರಂಧ್ರ ಕಟ್ಟಿರುತ್ತಿತ್ತು. ಕೆಲವು ಸಲ ತುಂಬಿಸಿದ ಮೇಲೆ ಬಿಸಿಯಾಗುವ ಬಿಂದುಗಳೇ ಸುಟ್ಟುಹೋಗಿ ಅಕ್ಷರದ ನಡುವೆ ಬಿಳಿ ಗೆರೆ ಮೂಡುತ್ತಿತ್ತು. ಆದರೂ ಉಳಿತಾಯದ ಮುಂದೆ ಇವೆಲ್ಲ ಸಹಿಸಬಹುದಾದ ಕಷ್ಟಗಳಾಗಿದ್ದವು.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬಂತೆ, ಕಂಪನಿಗಳು ಕಾರ್ಟ್ರಿಜ್‌ಗೆ ಚಿಪ್ ಅಂಟಿಸಿದವು. ಚಿಪ್ ಮಸಿಯನ್ನು ಅಳೆಯುವುದಿಲ್ಲ. ಎಷ್ಟು ಹನಿ ಹಾರಿಸಿದೆ ಎಂದು ಎಣಿಸುತ್ತದೆ. ಎಣಿಕೆ ಮುಗಿದರೆ ಒಳಗೆ ಮಸಿ ಇದ್ದರೂ 'ಖಾಲಿ' ಎನ್ನುತ್ತದೆ. ಮಸಿ ಉಳಿದಿರುವಾಗಲೇ ಖಾಲಿ ಎಂದು ತೋರಿಸುತ್ತದೆಂಬ ದೂರಿನ ಮೇಲೆ ಅಮೆರಿಕದಲ್ಲಿ ಹೂಡಿದ ಸಾಮೂಹಿಕ ದಾವೆಯನ್ನು ಎಪ್ಸನ್ 2006ರಲ್ಲಿ ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಚಿಪ್‌ನ ಎಣಿಕೆಯನ್ನು ಮತ್ತೆ ಸೊನ್ನೆಗೆ ತರುವ ಸಾಧನಗಳೂ ಬಂದಿದ್ದವು.

ಚಿಪ್‌ನ ಜಗಳ ದೊಡ್ಡ ರೂಪ ತಾಳಿದ್ದು ಲೆಕ್ಸ್‌ಮಾರ್ಕ್ ಕಂಪನಿಯಿಂದ. ವಿವಾದ ಲೇಸರ್ ಪ್ರಿಂಟರಿನ ಟೋನರ್ ಪುಡಿಯದಾದರೂ ತತ್ವ ಒಂದೇ. ಒಂದೇ ಸಲ ಬಳಸಿ ಖಾಲಿ ಡಬ್ಬಿಯನ್ನು ತನಗೇ ಹಿಂದಿರುಗಿಸಬೇಕೆಂಬ ಷರತ್ತು ಹಾಕಿ ಅದು ರಿಯಾಯಿತಿ ಕೊಡುತ್ತಿತ್ತು. ಷರತ್ತು ಕಾಯಲು ಚಿಪ್ ಇತ್ತು. ಆ ಚಿಪ್ಪಿಗೆ ಬದಲಿ ಚಿಪ್ ತಯಾರಿಸಿದ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಸಂಸ್ಥೆಯ ಮೇಲೆ ಲೆಕ್ಸ್‌ಮಾರ್ಕ್ 2002ರಲ್ಲಿ ಕೃತಿಸ್ವಾಮ್ಯದ ದಾವೆ ಹೂಡಿತು. ಸಿನಿಮಾ, ಸಂಗೀತಗಳ ಕಳ್ಳಪ್ರತಿ ತಡೆಯಲು ಮಾಡಿದ ಕಾನೂನನ್ನು ಅದು ಟೋನರ್ ಡಬ್ಬಿಗೆ ಅನ್ವಯಿಸಿತ್ತು! ಕೆಳ ನ್ಯಾಯಾಲಯ ಮೊದಲು ಅದರ ಪರವಾಗಿ ತಡೆಯಾಜ್ಞೆ ಕೊಟ್ಟರೂ 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕಂಪನಿ ಆಮೇಲೆ ಪೇಟೆಂಟಿನ ದಾರಿ ಹಿಡಿಯಿತು. ಬಳಸಿದ ಡಬ್ಬಿಗಳನ್ನು ತುಂಬಿಸಿ ಮಾರುತ್ತಿದ್ದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯೊಂದು ರಾಜಿಯಾಗದೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2017ರ ಮೇ 30ರಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪು ಸ್ಪಷ್ಟವಾಗಿತ್ತು: ವಸ್ತುವನ್ನು ಮಾರಿದ ಕ್ಷಣದಲ್ಲೇ ಅದರ ಮೇಲಿನ ಪೇಟೆಂಟ್ ಹಕ್ಕು ತೀರಿಹೋಗುತ್ತದೆ. ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಮಾರುವ ಅಂಗಡಿಯ ಉದಾಹರಣೆಯನ್ನು ಅವರು ಕೊಟ್ಟರು. ಕಾರಿನ ಪ್ರತಿಯೊಂದು ಬಿಡಿಭಾಗದ ತಯಾರಕನೂ ಮಾರಿದ ಮೇಲೂ ಹಕ್ಕು ಚಲಾಯಿಸಹೊರಟರೆ ಅಂಥ ಅಂಗಡಿಗಳು ನಡೆಯುವುದು ಹೇಗೆ?

ಕಾನೂನು ಬಿಟ್ಟುಕೊಟ್ಟದ್ದನ್ನು ತಂತ್ರಾಂಶ ಕಸಿದುಕೊಳ್ಳಬಲ್ಲದು. ಈ ತೀರ್ಪಿಗೆ ಎಂಟು ತಿಂಗಳ ಹಿಂದೆ, 2016ರ ಸೆಪ್ಟೆಂಬರ್ 13ರಂದು, ಹ್ಯೂಲೆಟ್ ಪ್ಯಾಕರ್ಡ್‌ನ ಅನೇಕ ಪ್ರಿಂಟರುಗಳು ಹಿಂದಿನ ದಿನದವರೆಗೂ ಒಪ್ಪುತ್ತಿದ್ದ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ತಿರಸ್ಕರಿಸಿದವು. ಯಂತ್ರದೊಳಗಿನ ತಂತ್ರಾಂಶದಲ್ಲೇ ಆ ವ್ಯವಸ್ಥೆ ಇತ್ತು. ಗದ್ದಲವೆದ್ದಾಗ ಕಂಪನಿ ಕ್ಷಮೆ ಕೇಳಿ, ಬೇಕಾದವರಿಗೆ ಬೀಗ ತೆಗೆಯುವ ತಂತ್ರಾಂಶ ಕೊಟ್ಟಿತು. ಪದ್ಧತಿಯನ್ನು ಮಾತ್ರ ಕೈಬಿಡಲಿಲ್ಲ.

ಹಾಗಾದರೆ ಯಂತ್ರಕ್ಕೆ ನ್ಯಾಯವಾದ ಬೆಲೆ ಹಾಕಿ, ಮಸಿಯನ್ನು ಅಗ್ಗವಾಗಿ ಕೊಡುವ ಕಂಪನಿಯೇ ಇರಲಿಲ್ಲವೆ? ಇತ್ತು. ಫೋಟೋ ಫಿಲ್ಮಿನ ಕೊಡಕ್ 2007ರಲ್ಲಿ ಸರಿಯಾಗಿ ಇದನ್ನೇ ಮಾಡಿತು. ಕಪ್ಪು ಕಾರ್ಟ್ರಿಜ್ ಹತ್ತು ಡಾಲರಿಗೆ ಒಂದು ಸೆಂಟ್ ಕಡಿಮೆ, ಬಣ್ಣದ್ದು ಹದಿನೈದಕ್ಕೆ ಒಂದು ಸೆಂಟ್ ಕಡಿಮೆ. ಕೊಡಕ್‌ನ ಮುಖ್ಯಸ್ಥ ಆಂಟೋನಿಯೊ ಪೆರೆಜ್ ಹಿಂದೆ ಹ್ಯೂಲೆಟ್ ಪ್ಯಾಕರ್ಡ್‌ನ ಪ್ರಿಂಟರ್ ವಿಭಾಗದಲ್ಲೇ ಪಳಗಿದವರು; ಮಸಿಯ ಲಾಭವನ್ನು ಬಲ್ಲವರು. ಆದರೆ ಅಂಗಡಿಗೆ ಬಂದವರ ಕಣ್ಣು ಪೆಟ್ಟಿಗೆಯ ಮೇಲಿನ ಬೆಲೆಗೆ ಹೋಗುತ್ತಿತ್ತೇ ಹೊರತು ಎರಡು ವರ್ಷದ ಖರ್ಚಿಗಲ್ಲ. ಫಿಲ್ಮಿನ ಕುಸಿತದಿಂದ ಮೊದಲೇ ಜರ್ಜರಿತವಾಗಿದ್ದ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಮನೆ ಪ್ರಿಂಟರುಗಳ ಮಾರಾಟ ನಿಲ್ಲಿಸುವುದಾಗಿ ಪ್ರಕಟಿಸಿತು. ಅಗ್ಗದ ಯಂತ್ರಕ್ಕೆ ಮರುಳಾಗುವ ಗ್ರಾಹಕರಿಗೂ ಈ ಕಥೆಯಲ್ಲಿ ಪಾಲಿದೆ ಎಂದರೆ ಕಟುವಾದೀತು, ಸುಳ್ಳಾಗದು.

ಅಮೆರಿಕದಲ್ಲಿ ಸೋತ ಈ ಲೆಕ್ಕ ಗೆದ್ದದ್ದು ಇಂಡೊನೇಷ್ಯದಲ್ಲಿ. ಅಲ್ಲಿನ ಸಣ್ಣ ಅಂಗಡಿಗಳವರು ಎಪ್ಸನ್ ಪ್ರಿಂಟರಿನ ಪಕ್ಕಕ್ಕೆ ಮಸಿಯ ಡಬ್ಬಿಗಳನ್ನು ಕಟ್ಟಿ, ತೆಳು ನಳಿಕೆಗಳಿಂದ ನೇರವಾಗಿ ಒಳಕ್ಕೆ ಮಸಿ ಹರಿಸಿಕೊಳ್ಳುತ್ತಿದ್ದರು. ಎಪ್ಸನ್‌ನಲ್ಲಿ ಮುದ್ರಣ ತಲೆ ಕಾರ್ಟ್ರಿಜ್‌ನಲ್ಲಿರದೆ ಯಂತ್ರದಲ್ಲೇ ಇರುವುದರಿಂದ ಈ ಉಪಾಯ ಸುಲಭವಾಗಿತ್ತು. ಇಂಥ ನಳಿಕೆ ವ್ಯವಸ್ಥೆ ಭಾರತದಲ್ಲೂ ಫೋಟೋ ಸ್ಟುಡಿಯೋ, ಡಿಟಿಪಿ ಕೇಂದ್ರಗಳಿಗೆ ಹೊಸತಾಗಿರಲಿಲ್ಲ. ಕಂಪನಿ ಕೊನೆಗೆ ಜಗಳ ಬಿಟ್ಟು ಅದೇ ಉಪಾಯವನ್ನು ತನ್ನದಾಗಿಸಿಕೊಂಡು, 2010ರಲ್ಲಿ ಟ್ಯಾಂಕ್ ಇರುವ ಪ್ರಿಂಟರನ್ನು ಮೊದಲು ಇಂಡೊನೇಷ್ಯದಲ್ಲೇ ಬಿಡುಗಡೆ ಮಾಡಿತು. ಯಂತ್ರಕ್ಕೆ ಬೆಲೆ ಹೆಚ್ಚು. ಆದರೆ 70 ಮಿಲಿಲೀಟರಿನ ಕಪ್ಪು ಬಾಟಲಿಗೆ ಸುಮಾರು 4000 ಪುಟ. ಭಾರತಕ್ಕೆ ಅದು ಬೇಗ ಬಂತು, ಅಮೆರಿಕಕ್ಕೆ 2015ರಲ್ಲಿ. ಕ್ಯಾನನ್, ಹ್ಯೂಲೆಟ್ ಪ್ಯಾಕರ್ಡ್‌ಗಳೂ ಹಿಂದೆಯೇ ಟ್ಯಾಂಕ್ ಹಿಡಿದು ಬಂದವು. 2020ರ ಹೊತ್ತಿಗೆ ಎಪ್ಸನ್ ಒಂದೇ ಇಂಥ ಐದು ಕೋಟಿ ಪ್ರಿಂಟರುಗಳನ್ನು ಮಾರಿತ್ತು. ಶಾಯಿ ಬುಡ್ಡಿ ಮತ್ತೆ ಮನೆಗೆ ಮರಳಿತ್ತು.

ಇದೆಲ್ಲದರ ನಡುವೆ ಅಕ್ಷರದಲ್ಲೇ ಮಸಿ ಉಳಿಸುವ ಪ್ರಯತ್ನಗಳೂ ನಡೆದವು. ನೆದರ್‌ಲ್ಯಾಂಡ್ಸ್‌ನ ಸಂಸ್ಥೆಯೊಂದು 2008ರಲ್ಲಿ ಅಕ್ಷರದ ಮೈಯಲ್ಲೆಲ್ಲ ಸಣ್ಣ ತೂತುಗಳಿರುವ 'ಇಕೋಫಾಂಟ್' ತಯಾರಿಸಿತು. ಅಮೆರಿಕದ ವಿಸ್ಕಾನ್ಸಿನ್-ಗ್ರೀನ್ ಬೇ ವಿಶ್ವವಿದ್ಯಾಲಯ 2010ರಲ್ಲಿ ಇ-ಮೇಲ್‌ಗಳಿಗೆ ಏರಿಯಲ್ ಬಿಟ್ಟು ಸೆಂಚುರಿ ಗಾಥಿಕ್ ಅಕ್ಷರ ಆರಿಸಿಕೊಂಡಿತು. ಅಕ್ಷರ ತೆಳ್ಳಗಿದ್ದರೂ ಅಗಲ ಹೆಚ್ಚಾದ್ದರಿಂದ ಕೆಲವೊಮ್ಮೆ ಇನ್ನೊಂದು ಹಾಳೆ ಬೇಕಾಗುತ್ತಿತ್ತು. ಹದಿನಾರನೆಯ ಶತಮಾನದ ಪ್ಯಾರಿಸ್ಸಿನ ಕ್ಲಾಡ್ ಗಾರಮಾಂಡ್ ಕೊರೆದ ಅಕ್ಷರಗಳ ಹೆಸರು ಹೊತ್ತ ಫಾಂಟ್ ಬಳಸಿದರೆ ಅಮೆರಿಕ ಸರ್ಕಾರಕ್ಕೆ ಕೋಟ್ಯಂತರ ಡಾಲರ್ ಉಳಿಯುತ್ತದೆಂದು ಪಿಟ್ಸ್‌ಬರ್ಗಿನ ಶಾಲಾ ಬಾಲಕನೊಬ್ಬ 2014ರಲ್ಲಿ ಲೆಕ್ಕ ಹಾಕಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅದೇ ಅಳತೆಯಲ್ಲಿ ಆ ಅಕ್ಷರ ಸಣ್ಣದಾಗಿ ಕಾಣುತ್ತದೆ, ಉಳಿತಾಯದ ಬಹುಪಾಲು ಬಂದದ್ದು ಅಲ್ಲಿಂದಲೇ ಎಂದು ಅಕ್ಷರ ವಿನ್ಯಾಸಕಾರರು ತೋರಿಸಿಕೊಟ್ಟರು. ಹಾಗೆ ನೋಡಿದರೆ ಯಾವ ಲಿಪಿಯೇ ಆಗಲಿ, ದಪ್ಪಕ್ಷರ ಬಿಟ್ಟು ಗಾತ್ರವನ್ನು ಒಂದು ಅಂಶ ಇಳಿಸಿದರೂ ಮಸಿ ಉಳಿಯುತ್ತದೆ.

ಮನೆಗಳಲ್ಲಿ ಮಸಿ ಹಾಳಾಗುವುದು ಅಕ್ಷರಕ್ಕಿಂತ ಹೆಚ್ಚಾಗಿ ಬೇರೆ ಕಡೆ. ಡಬ್ಬಿಯ ಮೇಲೆ ಬರೆದ ಪುಟಗಳ ಸಂಖ್ಯೆ ಒಂದೇ ಸಮನೆ ಮುದ್ರಿಸುತ್ತಾ ಹೋದಾಗಿನ ಅಳತೆ. ವಾರಕ್ಕೆರಡು ಹಾಳೆ ತೆಗೆಯುವ ಮನೆಯಲ್ಲಿ ಅಷ್ಟು ಬರುವುದಿಲ್ಲ. ರಂಧ್ರ ಕಟ್ಟದಂತೆ ಯಂತ್ರ ಆಗಾಗ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ, ಆ ನೀರೂ ಮಸಿಯೇ. ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ಆರಿಸದೆ ಅದರದೇ ಗುಂಡಿಯಿಂದ ಆರಿಸಿದರೆ ಮುದ್ರಣ ತಲೆ ತನ್ನ ಮುಚ್ಚಳದಡಿ ಸರಿದು ಕೂರುತ್ತದೆ, ಮಸಿ ಒಣಗುವುದು ತಪ್ಪುತ್ತದೆ. ವಾರಕ್ಕೊಮ್ಮೆ ಒಂದು ಪುಟ ಮುದ್ರಿಸುವುದು ಅಡ್ಡಾದಿಡ್ಡಿ ಶುದ್ಧೀಕರಣಕ್ಕಿಂತ ಅಗ್ಗ. ಕರಡಿಗೆ 'ಡ್ರಾಫ್ಟ್' ಸಾಕು. ತಿಂಗಳಿಗೆ ಹತ್ತು ಹಾಳೆಯೂ ಬೇಡದವರಿಗೆ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟೇ ಅಗ್ಗ. ಅದರ ಪುಡಿ ಒಣಗುವ ಮಾತಿಲ್ಲ. ಇಂಕ್‌ಜೆಟ್‌ನಲ್ಲಾದರೋ ತೊಳೆದ ಮಸಿಯೆಲ್ಲ ಯಂತ್ರದ ತಳದಲ್ಲಿರುವ ಹತ್ತಿಯಂಥ ಮೆತ್ತೆಯೊಂದಕ್ಕೆ ಇಳಿಯುತ್ತದೆ. ಅದು ಎಷ್ಟು ಹೀರಿತೆಂಬುದಕ್ಕೂ ಒಳಗೊಂದು ಎಣಿಕೆಯುಂಟು. ಅದು ಭರ್ತಿಯಾದ ದಿನ, ಟ್ಯಾಂಕಿನ ತುಂಬ ಮಸಿಯಿದ್ದರೂ, ಎಷ್ಟೋ ಪ್ರಿಂಟರುಗಳು ಒಂದಕ್ಷರವನ್ನೂ ಮುದ್ರಿಸದೆ ನಿಂತುಬಿಡುತ್ತವೆ.