ರೆಯ್ಕ್ಯಾಲೆಯ್ಪ್ಯಾ: ಫಿನ್ಲೆಂಡಿನ ತೂತಿನ ಬ್ರೆಡ್

ಇದು ರೈ ಹಿಟ್ಟನ್ನು ಹುಳಿ ಬರಿಸಿ ಸುಟ್ಟ ಬ್ರೆಡ್. ಪಶ್ಚಿಮ ಫಿನ್ಲೆಂಡಿನ ರೈತ ಮನೆಗಳಲ್ಲಿ ವರ್ಷಕ್ಕೆ ಕೆಲವೇ ಸಲ ದೊಡ್ಡ ಒಲೆ ಹೊತ್ತಿಸಿ, ರಾಶಿಗಟ್ಟಲೆ ಸುಡುತ್ತಿದ್ದರು. ತೂತಿಗೆ ಮರದ ಗಳು ತೂರಿಸಿ ಸೂರಿನಡಿ ನೇತುಹಾಕಿದರೆ ಒಣಗಿ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಪೂರ್ವ ಭಾಗದವರಿಗೆ ಗಳು ಬೇಕಿರಲಿಲ್ಲ; ಅವರದು ಆಗಾಗ ಸುಡುವ, ದಪ್ಪನೆಯ ಮೆತ್ತನೆಯ ಬ್ರೆಡ್.

‘ರೆಯ್ಕ್ಯಾ’ ಎಂದರೆ ತೂತು, ‘ಲೆಯ್ಪ್ಯಾ’ ಎಂದರೆ ಬ್ರೆಡ್. ಫಿನ್ನಿಷ್ ಭಾಷೆ 16ನೇ ಶತಮಾನದಲ್ಲಿ ಪುಸ್ತಕಗಳಿಗೆ ಇಳಿಯುವ ಎಷ್ಟೋ ಮೊದಲೇ ‘ಲೆಯ್ಪ್ಯಾ’ ಜರ್ಮಾನಿಕ್ ನೆರೆಯವರಿಂದ ಬಂದಿತ್ತು. ಮೂಲ ರೂಪ ‘ಹ್ಲೈಬ’ ಎಂಬಂತಿತ್ತು. ಪದದ ಆರಂಭದಲ್ಲಿ ಇಂಥ ಒತ್ತಕ್ಷರ ಆ ಕಾಲದ ಫಿನ್ನಿಷ್ ನಾಲಿಗೆಗೆ ಒಗ್ಗುತ್ತಿರಲಿಲ್ಲ, ‘ಹ’ ಉದುರಿಹೋಯಿತು. ಇಂಗ್ಲಿಷಿನ ‘ಲೋಫ್’, ಜರ್ಮನ್ನಿನ ‘ಲೈಬ್’, ರಷ್ಯನ್ನಿನ ‘ಖ್ಲೆಬ್’ ಇದರ ಒಡಹುಟ್ಟುಗಳು. ರೈ ಧಾನ್ಯದ ಹೆಸರು ‘ರುಯಿಸ್’ ಕೂಡ ಜರ್ಮಾನಿಕ್ ಮೂಲದ್ದೇ.

2017ರಲ್ಲಿ, ಫಿನ್ಲೆಂಡ್ ಸ್ವಾತಂತ್ರ್ಯದ ನೂರನೆಯ ವರ್ಷದಲ್ಲಿ, ಜನರು ಮತ ಹಾಕಿ ರೈ ಬ್ರೆಡ್ಡನ್ನೇ ರಾಷ್ಟ್ರೀಯ ಆಹಾರವಾಗಿ ಆರಿಸಿದರು.

ಮೇಲ್ಮೈಯ ಚುಚ್ಚು ಗುರುತುಗಳನ್ನು ಹತ್ತಿರದಿಂದ ನೋಡಿ. ಹಬೆ ಹೊರಬಂದು ಬ್ರೆಡ್ ಚಪ್ಪಟೆಯಾಗಿಯೇ ಉಳಿಯಲೆಂದು ಸುಡುವ ಮುನ್ನ ಹೀಗೆ ಚುಚ್ಚುತ್ತಿದ್ದರು. ನಡುವಿನಿಂದ ಕತ್ತರಿಸಿ ತೆಗೆದ ಬಿಲ್ಲೆಯನ್ನೂ ಎಸೆಯದೆ ಒಲೆಗೆ ಇಡುತ್ತಿದ್ದರು.